ಪರದೇಶಕ್ಕೆ ನೆರವಾಗಿ ಹೋದವರು: ಸೊಲ್ಲಾಪುರದ ಡಾಕ್ಟರ ಕೋಟಣೀಸರು

ಹಾನಗಲ್ಲ ಸೀಮೆಯಲ್ಲಿ ದಾನಶಾಸನಗಳಿಗೆ ಕೊರತೆಯಿಲ್ಲ. ಕದಂಬರ ಕಾಲದ ಕಲ್ಲುಗಳನ್ನು ಓದಿದವರಿಗೆ ಅವುಗಳ ಧಾಟಿಯು ಪರಿಚಿತವಾಗಿಯೇ ಇರುವದು. ಇಂಥ ಅರಸನ ಆಳಿಕೆಯಲ್ಲಿ, ಇಂಥ ತಿಥಿವಾರಗಳಂದು, ಇಂಥ ದೇವರ ಅಂಗಭೋಗಕ್ಕೂ ಸತ್ರದ ಆಹಾರದಾನಕ್ಕೂ ಇಷ್ಟು ಮತ್ತರು ಭೂಮಿಯನ್ನು ಕಾಲು ತೊಳೆದು ಧಾರಾಪೂರ್ವಕವಾಗಿ ಕೊಟ್ಟುದನ್ನು ಹೇಳಿ, ಧರ್ಮವನ್ನು ಕಾಪಾಡಿದವನಿಗೆ ದೊರೆಯುವ ಪುಣ್ಯವನ್ನೂ ಅಳಿದವನಿಗೆ ತಗಲುವ ಪಾಪವನ್ನೂ ಎಣಿಸಿ ಶಾಸನವು ಮುಗಿಯುವದು. ಕೊಟ್ಟವನಿಗೆ ಪರದಲ್ಲಿ ಏನು ಫಲವೆಂಬುದು ಅದರಲ್ಲಿ ವಿಸ್ತಾರವಾಗಿ ಇರುವದು. ಕೊಟ್ಟ ಮರುದಿನ ಅವನು ಹೇಗಿದ್ದನು, ಕೊಡುವದರಿಂದ ಅವನ ನಡೆನುಡಿಗಳಲ್ಲಿ ಏನು ವ್ಯತ್ಯಾಸವಾಯಿತು ಎಂಬುದನ್ನು ಮಾತ್ರ ಶಾಸನದ ಕವಿಯು ಬರೆಯುವ ಗೊಡವೆಗೆ ಹೋಗುವದಿಲ್ಲ. ಇದರಲ್ಲಿ ಆಶ್ಚರ್ಯವೂ ಇಲ್ಲ. ಅಕ್ಕಿಆಲೂರಿನಂಥ ಊರುಗಳಲ್ಲಿ ಇಂದಿಗೂ ದಾನಿಯು ತನ್ನ ಮನೆಯಲ್ಲಿಯೇ ಇರುವನು, ಬೇಡುವವನು ಬಾಗಿಲಿಗೆ ಬರುವನು. ದಾಸೋಹದ ಪಂಕ್ತಿಯಲ್ಲಿ ಉಂಡವನು ಎದ್ದು ತನ್ನ ದಾರಿ ಹಿಡಿಯುವನು, ಬಡಿಸಿದವನು ಸವುಟನ್ನು ಹಿಡಿದು ಅಲ್ಲಿಯೇ ನಿಲ್ಲುವನು. ಆದರೆ ಬೇಡುವವನ ಬಾಗಿಲಿಗೆ ದಾನಿಯೇ ನಡೆದು ಹೋದರೆ, ಅದೂ ಸಮುದ್ರದಾಚೆಯ, ಭಾಷೆಯರಿಯದ, ಯುದ್ಧದಲ್ಲಿ ಬೇಯುತ್ತಿರುವ ದೇಶಕ್ಕೆ ಹೋದರೆ, ಆಗ ಆ ದಾನಿಯ ಗತಿಯೇನು?

ಸಂಸ್ಕೃತವನ್ನು ಕಲಿತವರಿಗೆ ಇಲ್ಲಿ ಒಂದು ವ್ಯಾಕರಣದ ಮಾತು ನೆನಪಾಗದೆ ಇರಲಾರದು. ಯಜ್ ಎಂಬ ಧಾತುವು ಉಭಯಪದಿಯು. ಋತ್ವಿಜನು ಬೇರೊಬ್ಬನಿಗಾಗಿ ಯಾಗವನ್ನು ಮಾಡಿದಾಗ ‘ಯಜತಿ’ ಎಂದೂ, ಯಜಮಾನನು ತನಗಾಗಿ ಮಾಡಿದಾಗ ‘ಯಜತೇ’ ಎಂದೂ ಹೇಳುವದು ಶುದ್ಧ ಪ್ರಯೋಗ. ಕ್ರಿಯೆಯ ಫಲವು ಕರ್ತೃವಿಗೆ ಸೇರುವದೋ ಅನ್ಯರಿಗೆ ಸೇರುವದೋ ಎಂಬುದನ್ನು ಒಂದು ಪ್ರತ್ಯಯದಿಂದ ತಿಳಿಸುವ ಏರ್ಪಾಡನ್ನು ಪಾಣಿನಿಯು ಹೇಳಿರುವನು. ಸ್ವಯಂಸೇವಕನು ಮನೆಯಿಂದ ಹೊರಡುವಾಗ ಪರಸ್ಮೈಪದದಲ್ಲಿಯೇ ಹೊರಡುವನು. ಫಲವೆಲ್ಲ ಅನ್ಯರದೆಂದು ಅವನೂ ತಿಳಿದಿರುವನು, ಬೀಳ್ಕೊಡುವವರೂ ತಿಳಿದಿರುವರು. ದಾರಿಯ ನಡುವೆ ಪ್ರತ್ಯಯವು ಬದಲಾಗುವದುಂಟು. ಯಾರಲ್ಲಿ ಬದಲಾಯಿತು, ಯಾವಾಗ ಬದಲಾಯಿತು, ಯಾವ ಕಾರಣದಿಂದ ಎಂಬುದನ್ನು ಶೋಧಿಸುವದು ಚರಿತ್ರಕಾರನ ಕೆಲಸ. ಪರದೇಶದಲ್ಲಿ ಸೇವೆ ಮಾಡಿ ಬಂದವನು ಹೊಸ ಮನುಷ್ಯನಾಗಿ ಬರುವನೆಂದು ಸಭೆಗಳಲ್ಲಿ ಸುಲಭವಾಗಿ ಹೇಳಿಬಿಡುವರು. ಹಡಗು ಹತ್ತಿದ ಮಾತ್ರಕ್ಕೆ ಮನುಷ್ಯನು ಹೊಸಬನಾಗುವ ಹಾಗಿದ್ದರೆ ಹಡಗಿನ ಖಲಾಸಿಗಳೆಲ್ಲ ಋಷಿಗಳಾಗಬೇಕಾಗಿದ್ದಿತು.

ಹಿಂದೂದೇಶದವರು ಗುಂಪುಗೂಡಿ ಪರನೆಲದಲ್ಲಿ ಗಾಯಾಳುಗಳ ಸೇವೆಗೆ ನಿಂತ ಪ್ರಸಿದ್ಧ ಪ್ರಸಂಗವು ದಕ್ಷಿಣ ಆಫ್ರಿಕದ್ದು. 1899ರಲ್ಲಿ ಬೋಅರ ಯುದ್ಧವು ಆರಂಭವಾದಾಗ ಬಾರಿಸ್ಟರ ಗಾಂಧಿಯವರು ಸುಮಾರು 1,100 ಜನರ ಒಂದು ಡೋಲಿದಳವನ್ನು ಕೂಡಿಸಿದರು. ಅವರಲ್ಲಿ ಸುಮಾರು 300 ಜನರು ಸ್ವತಂತ್ರರು. ಮಿಕ್ಕವರು ಕರಾರಿನ ಮೇಲೆ ಹೋಗಿದ್ದ ಕೂಲಿಯವರು. ಗಾಯಗೊಂಡವರನ್ನು ಡೋಲಿಯಲ್ಲಿ ಹೊತ್ತು ದಿನಕ್ಕೆ ಇಪ್ಪತ್ತು ಇಪ್ಪತ್ತೈದು ಮೈಲು ನಡೆದರು. ಸಾಮ್ರಾಜ್ಯಕ್ಕೆ ನಿಷ್ಠೆಯನ್ನು ತೋರಿಸಿದರೆ ಸಾಮ್ರಾಜ್ಯವು ಹಕ್ಕುಗಳನ್ನು ಕೊಡುವದೆಂಬ ನಂಬಿಗೆಯಿಂದ ಆ ಸೇವೆಯು ನಡೆಯಿತು. ಮುಗಿದ ಮೇಲೆಯೂ ಆ ನಂಬಿಗೆಯು ಹೆಚ್ಚು ಅಲುಗಲಿಲ್ಲ. ಅದೇ ಗಾಂಧಿಯವರು 1906ರಲ್ಲಿ ಜುಲು ಜನರ ದಂಗೆಯ ಕಾಲಕ್ಕೆ ಇಪ್ಪತ್ತಕ್ಕಿಂತ ಸ್ವಲ್ಪ ಹೆಚ್ಚು ಜನರ ಚಿಕ್ಕ ದಳದೊಡನೆ ಮತ್ತೊಮ್ಮೆ ಹೋದರು. ಈ ಸಲ ಅವರ ಪಾಲಿಗೆ ಬಂದವರು ಬಿಳಿಯ ಸೈನಿಕರಲ್ಲ. ಚಾಟಿಯ ಏಟಿನಿಂದ ಬೆನ್ನು ಹರಿದು ಕೀವುಗಟ್ಟಿದ್ದ ಜುಲು ಜನರು. ಅವರನ್ನು ಮುಟ್ಟುವದಕ್ಕೆ ಬಿಳಿಯರು ಮನಸ್ಸು ಮಾಡುತ್ತಿರಲಿಲ್ಲ. ಆ ಕೆಲವೇ ವಾರಗಳಲ್ಲಿ, ಜನವಿರಳವಾದ ಗುಡ್ಡಗಳಲ್ಲಿ ಮೈಲುಗಟ್ಟಲೆ ನಡೆಯುತ್ತ ಮಾಡಿದ ವಿಚಾರದಿಂದ ಬ್ರಹ್ಮಚರ್ಯದ ಸಂಕಲ್ಪವು ಗಟ್ಟಿಯಾಯಿತೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ತಿಳಿಸಿರುವರು. ಅದೇ ವರ್ಷದ ಸಪ್ಟಂಬರ 11ಕ್ಕೆ ಜೊಹಾನ್ಸಬರ್ಗಿನ ಸಭೆಯಲ್ಲಿ ಅನ್ಯಾಯದ ಕಾಯಿದೆಗೆ ತಲೆಬಾಗುವದಿಲ್ಲವೆಂಬ ಪ್ರತಿಜ್ಞೆಯಾಯಿತು. ಒಬ್ಬನೇ ಮನುಷ್ಯನು, ಒಂದೇ ಬಗೆಯ ಕೆಲಸ. ದೊಡ್ಡ ದಳದ ಸೇವೆಯಿಂದ ಆಗದ ಪರಿವರ್ತನೆಯು ಸಣ್ಣ ದಳದ ಸೇವೆಯಿಂದ ಆಯಿತು. ತಾನು ಯಾರ ಪಕ್ಷವೆಂದು ಹೋಗಿದ್ದನೋ ಆ ಪಕ್ಷದ ಕೈಯಿಂದಾದ ಗಾಯವನ್ನು ತಾನೇ ತೊಳೆಯಬೇಕಾಗಿ ಬಂದದ್ದು ಎರಡನೆಯ ಸಲದ ವಿಶೇಷ.

ಆ ಬಳಿಕ 1912ರ ಡಿಸೆಂಬರದಲ್ಲಿ ಡಾಕ್ಟರ ಅನ್ಸಾರಿಯವರ ವೈದ್ಯದಳವು ಬಾಲ್ಕನ ಯುದ್ಧದ ಗಾಯಾಳುಗಳಿಗಾಗಿ ತುರ್ಕಸ್ತಾನಕ್ಕೆ ಹೋಗಿ ಮರುವರ್ಷ ಮರಳಿತು. ಲಂಡನ್ನಿನಲ್ಲಿ ಹೆಸರುಗಳಿಸಿದ್ದ ಶಸ್ತ್ರವೈದ್ಯರು ಅಲ್ಲಿಂದ ಮುಂದೆ ದೇಶಕಾರ್ಯದ ಮುಂದಾಳುಗಳಾಗಿ, 1927ರಲ್ಲಿ ಮದ್ರಾಸಿನ ಕಾಂಗ್ರೆಸ್ಸಿನ ಅಧ್ಯಕ್ಷರಾದರು.

ಈ ಪ್ರಾಂತದಲ್ಲಿ ಸ್ವಯಂಸೇವಕನೆಂಬ ಶಬ್ದಕ್ಕೆ ತೂಕ ಬಂದದ್ದು ಹುಬ್ಬಳ್ಳಿಯಿಂದ. ಅದಕ್ಕೆ ಮೊದಲು ಜಾತ್ರೆಯಲ್ಲಿ ನೀರು ಕೊಡುವವನಿಗೂ, ಸಭೆಯಲ್ಲಿ ಎದೆಗೆ ಬಿಲ್ಲೆ ಚುಚ್ಚಿಕೊಂಡು ದೊಡ್ಡವರಿಗೆ ಖುರ್ಚಿ ತೋರಿಸುವವನಿಗೂ ಆ ಹೆಸರು ಸಲ್ಲುತ್ತಿದ್ದಿತು. ಧಾರವಾಡದಲ್ಲಿ 1889ರಲ್ಲಿ ಹುಟ್ಟಿದ ಡಾಕ್ಟರ ನಾರಾಯಣ ಸುಬ್ಬರಾವ ಹರ್ಡೀಕರರು 1913ರಲ್ಲಿ ಅಮೇರಿಕೆಗೆ ಹೋದದ್ದು ಆರೋಗ್ಯಶಾಸ್ತ್ರವನ್ನು ಕಲಿಯುವದಕ್ಕೆ. ಮಿಶಿಗನ್ನಿನ ವಿಶ್ವವಿದ್ಯಾಲಯದಲ್ಲಿ ಅದನ್ನು ಕಲಿತರು. ಅದಲ್ಲದೆ ನ್ಯೂಯಾರ್ಕದಲ್ಲಿ ಲಾಲಾ ಲಜಪತರಾಯರು ನಡೆಯಿಸಿದ ಹೋಮರೂಲ ಸಂಘದಲ್ಲಿ ದುಡಿದರು. 1921ರಲ್ಲಿ ಮರಳಿದ ಹರ್ಡೀಕರರು ಹುಬ್ಬಳ್ಳಿಯ ತರುಣರಿಗೆ ಕವಾಯತನ್ನೂ ಶಿಸ್ತನ್ನೂ ಕಲಿಸಿದರು. 1923ರ ನಾಗಪುರದ ಝಂಡಾ ಸತ್ಯಾಗ್ರಹದಲ್ಲಿ ಆ ತರುಣರು ಕ್ಷಮಾಪಣೆಯನ್ನು ಬರೆದುಕೊಡದೆ ಸೆರೆವಾಸವನ್ನು ಪೂರ್ತಿಯಾಗಿ ಅನುಭವಿಸಿದ್ದೇ ಅದೇ ವರ್ಷ ಕಾಕಿನಾಡದಲ್ಲಿ ಹಿಂದುಸ್ಥಾನೀ ಸೇವಾದಲವು ಹುಟ್ಟುವದಕ್ಕೆ ಕಾರಣವಾಯಿತು. ಮರುವರ್ಷ ಬೆಳಗಾವಿಯ ಕಾಂಗ್ರೆಸ್ಸಿನಲ್ಲಿ ಆ ದಲದ ಕೆಲಸವನ್ನು ದೇಶವೆಲ್ಲ ಕಂಡಿತು. ಕಲಿಯುವದಕ್ಕೆ ಹೋದವರು ಅಲ್ಲಿ ಸೇವಕರಾದರು, ಮರಳಿ ಬಂದು ಸೇವಕರನ್ನು ತಯಾರಿಸುವವರಾದರು. ಇದಕ್ಕೆ ಎಂಟು ವರ್ಷಗಳು ಬೇಕಾದವು ಎಂಬುದನ್ನು ವಾಚಕರು ಲಕ್ಷ್ಯದಲ್ಲಿಡಬೇಕು. ಮುಂದಿನ ಕಥೆಗೆ ಈ ಕಾಲಮಾನದ ಮಾತು ಬೇಕಾಗುವದು.

ಇನ್ನು ಸೊಲ್ಲಾಪುರ. ಅಕ್ಕಿಆಲೂರಿಗೂ ಸೊಲ್ಲಾಪುರಕ್ಕೂ ಏನು ಸಂಬಂಧವೆಂದು ಕೇಳುವವರು ಇಂದು ಇರಬಹುದು. 1956ರ ರಾಜ್ಯವಿಂಗಡಣೆಯ ಗೆರೆಯು ಅಷ್ಟು ಮರೆವನ್ನು ತಂದಿರುವದು. ಹಾನಗಲ್ಲ ತಾಲೂಕಿರುವ ಅಂದಿನ ಧಾರವಾಡ ಜಿಲ್ಲೆಯೂ ಸೊಲ್ಲಾಪುರ ಜಿಲ್ಲೆಯೂ ಒಂದೇ ಮುಂಬಯಿ ಇಲಾಖೆಯಲ್ಲಿದ್ದವು. ಹಾವೇರಿಯಲ್ಲಿ ಗಾಡಿ ಹತ್ತಿದವನು ಹುಬ್ಬಳ್ಳಿ, ಗದಗ, ವಿಜಾಪುರ, ಹೊಟಗಿಗಳ ಮೇಲೆ ಸೊಲ್ಲಾಪುರವನ್ನು ಸೇರುತ್ತಿದ್ದನು. ಸೊಲ್ಲಾಪುರದ ಚಾದರವಿಲ್ಲದ ಮನೆಯು ಈ ಭಾಗದಲ್ಲಿ ವಿರಳ. ಎಲ್ಲಕ್ಕೂ ಮಿಗಿಲಾಗಿ ಅದು ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಕೆರೆಯನ್ನು ಕಟ್ಟಿಸಿ, ವಚನಗಳನ್ನು ಹೇಳಿ, ಲೋಕಕ್ಕೆ ದುಡಿದ ಸ್ಥಳ. ಆ ಊರಿನಲ್ಲಿ ಇಂದಿಗೂ ಕನ್ನಡವು ಓಣಿಓಣಿಗಳಲ್ಲಿ ಕೇಳಬರುವದು. ಗಾಂಧಿಯವರ ಬಂಧನದ ಸುದ್ದಿಯಿಂದ 1930ರ ಮೇ ತಿಂಗಳಲ್ಲಿ ಆ ಊರು ಕೆರಳಿ, ಅಲ್ಲಿ ಫೌಜಿನ ಕಾಯಿದೆಯು ಬಂದು, 1931ರ ಜಾನೆವಾರಿ 12ಕ್ಕೆ ಮಲ್ಲಪ್ಪ ಧನಶೆಟ್ಟಿಯವರೇ ಮೊದಲಾದ ನಾಲ್ವರು ಯೆರವಡೆಯಲ್ಲಿ ಗಲ್ಲಿಗೇರಿದರು. ದ್ವಾರಕಾನಾಥ ಶಾಂತಾರಾಮ ಕೋಟಣೀಸರು ಹುಟ್ಟಿದ್ದು ಇದೇ ಊರಿನಲ್ಲಿ, 1910ರ ಅಕ್ಟೋಬರ 10ಕ್ಕೆ. ಮನೆಮಾತು ಮರಾಠಿ, ಸಂಸಾರವು ದೊಡ್ಡದು, ಉತ್ಪನ್ನವು ಮಿತವಾದದ್ದು. ಮುಂಬಯಿಯ ಗೋರ್ಧನದಾಸ ಸುಂದರದಾಸ ವೈದ್ಯವಿದ್ಯಾಲಯದಲ್ಲಿ ಓದಿ ಡಾಕ್ಟರರಾಗಿ, ಇನ್ನೂ ಮೇಲಿನ ಪರೀಕ್ಷೆಗೆ ಸಿದ್ಧತೆ ಮಾಡಿಕೊಳ್ಳುತ್ತಿರುವಾಗ ಚೀನದೇಶದ ಕರೆಯು ಬಂದಿತು.

ಆ ಕರೆಯ ಪೂರ್ವಕಥೆ ಹೀಗೆ. 1937ರ ಜುಲೈ 7ಕ್ಕೆ ಪೇಕಿಂಗಿನ ಬಳಿಯ ಸೇತುವೆಯೊಂದರಲ್ಲಿ ಹೊತ್ತಿದ ಕಿಡಿಯಿಂದ ಜಪಾನವು ಚೀನವನ್ನು ಆಕ್ರಮಿಸಲಾರಂಭಿಸಿತು. ಚೀನದ ಎಂಟನೆಯ ಮಾರ್ಗಸೈನ್ಯದ ಸೇನಾಪತಿ ಚು ತೇ ಅವರು ವೈದ್ಯರನ್ನೂ ಔಷಧಗಳನ್ನೂ ಬೇಡಿ ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದರು. 1938ರಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ದೇಶದ ಜನರಿಗೆ ಬಿನ್ನಹ ಮಾಡಿಕೊಂಡರು. 22,000 ರೂಪಾಯಿಗಳ ನಿಧಿಯು ಕೂಡಿತು. ಸ್ವತಃ ಪರಾಧೀನವಾಗಿದ್ದ ದೇಶವೊಂದು ಮತ್ತೊಂದು ದೇಶದ ಗಾಯಕ್ಕೆ ಪಟ್ಟಿ ಕಟ್ಟಲು ಹೊರಟಿತೆಂಬ ಮಾತು ಇದರಲ್ಲಿ ಮುಖ್ಯ. ನಿಧಿಯ ಮೊತ್ತದಿಂದ ಅದನ್ನು ಅಳೆಯತಕ್ಕದ್ದಲ್ಲ. ಐವರು ವೈದ್ಯರನ್ನು ಆರಿಸಿದರು: ಸ್ಪೇನದ ಅಂತರ್ಯುದ್ಧದಲ್ಲಿ ಆಗಲೇ ಸೇವೆ ಮಾಡಿಬಂದಿದ್ದ ಅಲಹಾಬಾದಿನ ಅಟಲರು ನಾಯಕರು, ನಾಗಪುರದ ಚೋಳಕರರು, ಕಲಕತ್ತೆಯ ಬಸು ಹಾಗೂ ಮುಖರ್ಜಿಯವರು, ಸೊಲ್ಲಾಪುರದ ಕೋಟಣೀಸರು. ಸಪ್ಟಂಬರ 1ಕ್ಕೆ ಮುಂಬಯಿಯಿಂದ ‘ರಾಜಪುತಾನಾ’ ಹಡಗಿನಲ್ಲಿ ಹೊರಟು 17ಕ್ಕೆ ಕ್ಯಾಂಟನ್ನಿನಲ್ಲಿ ಇಳಿದರು. ಒಂದು ವರ್ಷದ ಸೇವೆ, ಅನಂತರ ಮರಳುವದು. ಹೊರಡುವಾಗಿನ ಒಡಂಬಡಿಕೆಯು ಇಷ್ಟೇ.

ಅವರು ಹೋದ ಕಾಲವು ಸೋಲಿನ ಕಾಲ. ಅಕ್ಟೋಬರದಲ್ಲಿ ಕ್ಯಾಂಟನ್ನೂ ಹ್ಯಾಂಕೌ ನಗರವೂ ಜಪಾನೀಯರ ವಶವಾದವು. ವೈದ್ಯದಳವು ಯಾಂಗ್‌ಚೀ ನದಿಯ ಗುಂಟ ಹಿಂದೆ ಸರಿಯುತ್ತ ಚುಂಗ್‌ಕಿಂಗನ್ನು ಸೇರಿತು. ಅಲ್ಲಿ ಶಾಂತಿನಿಕೇತನದ ಚೀನಾಭವನದ ಪಂಡಿತರಾದ ತಾನ್ ಯುನ್-ಶಾನ್ ಅವರು ಐವರಿಗೂ ಚೀನೀ ಹೆಸರುಗಳನ್ನಿಟ್ಟರು. ಪ್ರತಿಯೊಂದರ ಕೊನೆಗೆ ಚೀನವೆಂಬ ಅರ್ಥದ ‘ಹುವಾ’ ಎಂಬ ಪದವು ಸೇರಿತು. ಕೋಟಣೀಸರು ‘ಕೆ ತಿ-ಹುವಾ’ ಆದರು. ನಾಮಕರಣವನ್ನು ಮೊದಲು ವಿನೋದಕ್ಕೂ ಉಚ್ಚಾರದ ಸೌಕರ್ಯಕ್ಕೂ ಮಾಡಿದಂತೆ ತೋರಿದರೂ ನಾಲ್ಕು ವರ್ಷಗಳಲ್ಲಿ ಆ ಹೆಸರು ನಿಜವಾದ ಹೆಸರಾಯಿತು.

ಚುಂಗ್‌ಕಿಂಗಿನಲ್ಲಿರುವಾಗಲೇ ಅವರಿಗೆ ತಂದೆಯು ತೀರಿಕೊಂಡ ಸುದ್ದಿ ಬಂದಿತು. ಇಲ್ಲಿ ಸ್ವಲ್ಪ ತಡೆಯಬೇಕು. ಚರಿತ್ರೆ ಬರೆಯುವವರು ಈ ಸಂಗತಿಯನ್ನು ಒಂದು ವಾಕ್ಯದಲ್ಲಿ ಮುಗಿಸಿ ನಾಯಕನ ಧೈರ್ಯವನ್ನು ಹೊಗಳಿ ಮುಂದೆ ಹೋಗುವರು. ಮಗನು ಚೀನಕ್ಕೆ ಹೋಗಲೆಂದು ಹುರುಪು ಕೊಟ್ಟವರು ಆ ತಂದೆಯೇ. ಅವರ ಹಿಂದೆ ಉಳಿದದ್ದು ಹಣದ ಅಡಚಣೆಯಲ್ಲಿದ್ದ ಸಂಸಾರ. ಓದಿ ಡಾಕ್ಟರನಾದ ಮಗನಿಂದ ಅಂಥ ಮನೆಯು ಏನನ್ನು ಎದುರುನೋಡುತ್ತಿರಬಹುದೆಂಬುದನ್ನು ಈ ಸೀಮೆಯ ಯಾವ ಮನೆತನಕ್ಕೂ ಬಿಡಿಸಿ ಹೇಳಬೇಕಾಗಿಲ್ಲ. ಮರಳಿ ಹೋಗಲು ಅವರಿಗೆ ಅಡ್ಡಿಯಿರಲಿಲ್ಲ, ಕಾರಣವೂ ಇದ್ದಿತು. ಅವರು ಮರಳಲಿಲ್ಲ. ಪುತ್ರಧರ್ಮವು ದೊಡ್ಡದೋ ಆರ್ತರ ಸೇವೆಯು ದೊಡ್ಡದೋ ಎಂದು ಧರ್ಮಶಾಸ್ತ್ರದ ವಾದವನ್ನು ಹೂಡಬಹುದು, ಎರಡು ಪಕ್ಷಕ್ಕೂ ವಚನಗಳು ಸಿಕ್ಕಾವು. ಆದರೆ ಆ ನಿರ್ಧಾರದ ಬೆಲೆಯನ್ನು ತೆತ್ತವರು ಕೋಟಣೀಸರೊಬ್ಬರೇ ಅಲ್ಲ. ತಾಯಿಯೂ ತಂಗಿಯರೂ ತಮ್ಮಂದಿರೂ ತೆತ್ತರು. ಪರದೇಶಸೇವೆಯ ಲೆಕ್ಕವನ್ನು ಬರೆಯುವಾಗ ಖರ್ಚಿನ ಬದಿಗೆ ಸೊಲ್ಲಾಪುರದ ಆ ಮನೆಯನ್ನು ಬರೆಯದಿದ್ದರೆ ಜಮೆಯ ಬದಿಗೆ ಬರೆದದ್ದೂ ಸುಳ್ಳಾಗುವದು.

1939ರ ಜಾನೆವಾರಿಯಲ್ಲಿ ಚುಂಗ್‌ಕಿಂಗನ್ನು ಬಿಟ್ಟು ಫೆಬ್ರುವರಿ 12ಕ್ಕೆ ವಾಯವ್ಯದ ಯೆನಾನಿಗೆ ತಲುಪಿದರು. ಅದು ಹಳದಿ ಮಣ್ಣಿನ ಗುಡ್ಡಗಳ ನಾಡು. ಗುಡ್ಡದ ಪಕ್ಕವನ್ನು ಕೊರೆದು ಮಾಡಿದ ಗವಿಗಳೇ ಮನೆಗಳು, ಗವಿಗಳೇ ದವಾಖಾನೆ, ಗವಿಗಳೇ ಶಾಲೆ. ಬಾಂಬಿಗೆ ಹೆದರಿ ಅಲ್ಲಿ ನೆಲದೊಳಗೆ ವಾಸವಾಗಿತ್ತೆಂದು ಬರೆಯುವವರುಂಟು. ಅದು ಪೂರ್ತಿ ನಿಜವಲ್ಲ, ಆ ಸೀಮೆಯ ರೈತರು ತಲತಲಾಂತರದಿಂದ ಹಾಗೆಯೇ ಇರುವವರು. ಮುಂಬಯಿಯ ಶುಭ್ರವಾದ ಶಸ್ತ್ರಶಾಲೆಯಲ್ಲಿ ಕಲಿತ ವೈದ್ಯನಿಗೆ ಅಲ್ಲಿ ಕೈಯ ವಿದ್ಯೆಯನ್ನೇ ಹೊಸದಾಗಿ ಕಲಿಯಬೇಕಾಗಿ ಬಂದಿತು. ಔಷಧಗಳು ಬರುವ ದಾರಿಗಳು ಬಹುಮಟ್ಟಿಗೆ ಮುಚ್ಚಿದ್ದವು. ಇದ್ದುದರಲ್ಲಿ ನಡೆಯಿಸಬೇಕು, ಇಲ್ಲದ್ದನ್ನು ಮಾಡಿಕೊಳ್ಳಬೇಕು.

ಆ ವರ್ಷವೇ ಚೋಳಕರರೂ ಮುಖರ್ಜಿಯವರೂ ದೇಹಪ್ರಕೃತಿಯೇ ಮೊದಲಾದ ಕಾರಣಗಳಿಂದ ಸ್ವದೇಶಕ್ಕೆ ಮರಳಿದರು. ಅದರಲ್ಲಿ ಅವರ ತಪ್ಪೇನೂ ಇಲ್ಲ, ಒಪ್ಪಿದ ಮಾತನ್ನು ಅವರು ಸಲ್ಲಿಸಿದರು. ಉಳಿದ ಮೂವರು ನವ್ಹೆಂಬರದಲ್ಲಿ ಯೆನಾನನ್ನು ಬಿಟ್ಟು ಮೂಡಲಿಗೆ, ಯುದ್ಧದ ಮುಂಚೂಣಿಯ ಕಡೆಗೆ ನಡೆದರು. ಮರುವರ್ಷ ಚರ್ಮರೋಗದಿಂದ ಪೀಡಿತರಾದ ಅಟಲರೂ ಹಿಂದಿರುಗಿದರು. ಒಂದು ವರ್ಷದ ಒಡಂಬಡಿಕೆಯು ಆಗ ಎಂದೋ ಮುಗಿದುಹೋಗಿದ್ದಿತು. ಕೋಟಣೀಸರ ಚರಿತ್ರೆಯಲ್ಲಿ ಪರಿವರ್ತನೆಯೆಂದು ಹೇಳತಕ್ಕದ್ದೆಲ್ಲವೂ ಈ ಮುಗಿದ ಗಡುವಿನ ಈಚೆಯದೇ. ಮೊದಲನೆಯ ವರ್ಷದಲ್ಲಿ ಅವರು ಹಿಂದುಸ್ಥಾನದಿಂದ ಬಂದ ಅತಿಥಿ. ಅತಿಥಿಗೆ ಒಳ್ಳೆಯ ಗವಿ, ಒಳ್ಳೆಯ ಊಟ, ಸಭೆಯಲ್ಲಿ ಮುಂದಿನ ಆಸನ. ಅತಿಥಿಯು ಕೊಡುವನು, ಮನೆಯವರು ಕೃತಜ್ಞತೆಯಿಂದ ತೆಗೆದುಕೊಳ್ಳುವರು. ದಾಸೋಹದ ಪಂಕ್ತಿಯ ವ್ಯವಸ್ಥೆಗೂ ಅದಕ್ಕೂ ಬಹಳ ಭೇದವಿಲ್ಲ. ನಡುವೆ ಸಮುದ್ರವೊಂದಿತ್ತು, ಅಷ್ಟೇ.

ಭೇದವನ್ನುಂಟುಮಾಡಿದ್ದು ಭಾಷೆ. ದುಭಾಷಿಯ ಮೂಲಕ ರೋಗಿಯೊಡನೆ ಮಾತನಾಡುವ ವೈದ್ಯನು ಎಷ್ಟು ನಿಪುಣನಾದರೂ ಪರಕೀಯನೇ. ಕೋಟಣೀಸರು ಚೀನೀ ಭಾಷೆಯನ್ನು ಮಾತನಾಡಲು ಕಲಿತರು. ಅಷ್ಟಕ್ಕೆ ನಿಲ್ಲದೆ ಅದರ ಲಿಪಿಯನ್ನೂ ಅಭ್ಯಾಸಮಾಡಿದರು. ಅಕ್ಷರಮಾಲೆಯೆಂಬುದಿಲ್ಲದೆ ಒಂದೊಂದು ಪದಕ್ಕೆ ಒಂದೊಂದು ಚಿತ್ರವಿರುವ ಆ ಲಿಪಿಯನ್ನು ಮೂವತ್ತರ ಹತ್ತಿರದ ವಯಸ್ಸಿನಲ್ಲಿ ಕಲಿಯುವದೆಂದರೆ ಪುನಃ ಓಂನಾಮದಿಂದ ಶಾಲೆಗೆ ಕೂಡ್ರುವದೇ ಸರಿ. ಉಪದೇಶ ಮಾಡಲು ಬಂದವನು ಮೊದಲು ಶಿಷ್ಯನಾಗಬೇಕಾಯಿತು. ಆ ಶಿಷ್ಯತ್ವವು ಎಲ್ಲಿಯ ವರೆಗೆ ಹೋಯಿತೆಂದರೆ ಅವರು ಚೀನೀ ಭಾಷೆಯಲ್ಲಿಯೇ ವಿದ್ಯಾರ್ಥಿಗಳಿಗೆ ಶಸ್ತ್ರವೈದ್ಯವನ್ನು ಪಾಠ ಹೇಳಿದರು. ಆ ಭಾಷೆಯಲ್ಲಿಯೇ ಶಸ್ತ್ರವೈದ್ಯದ ಸಾಮಾನ್ಯ ತತ್ತ್ವಗಳ ಮೇಲೆ ಒಂದು ಪಠ್ಯವನ್ನು ಬರೆದು, ಎರಡನೆಯದನ್ನು ಆರಂಭಿಸಿದರು. ಜರ್ಮನಿಯಿಂದ 1853ರಲ್ಲಿ ಧಾರವಾಡಕ್ಕೆ ಬಂದ ಕಿಟ್ಟೆಲರ ನೆನಪು ಇಲ್ಲಿ ಆಗುವದು ಸಹಜ. ಮತವನ್ನು ಬೋಧಿಸಲು ಬಂದ ಆ ಪಾದ್ರಿಯು ಕನ್ನಡಕ್ಕೆ ಶಿಷ್ಯನಾಗಿ, ಕೊನೆಗೆ 1894ರಲ್ಲಿ ಕನ್ನಡಿಗರಿಗೆ ಅವರದೇ ಶಬ್ದಗಳ ಕೋಶವನ್ನು ಕೊಟ್ಟುದನ್ನು ಈ ಪ್ರಾಂತವು ಬಲ್ಲದು. ಬಂದವನ ಉದ್ದೇಶವು ಏನೇ ಇರಲಿ, ಭಾಷೆಯು ಒಳಗೆ ಹೊಕ್ಕಿತೆಂದರೆ ಅವನನ್ನು ತನಗೆ ಬೇಕಾದ ಕೆಲಸಕ್ಕೆ ಹಚ್ಚಿಕೊಳ್ಳುವದು.

1940ರ ಮಧ್ಯದಲ್ಲಿ ಕೋಟಣೀಸರೂ ಬಸು ಅವರೂ ಶಾನ್ಸಿ, ಚಾಹಾರ, ಹೋಪೆ ಪ್ರಾಂತಗಳ ಸರಹದ್ದಿನ ಸೀಮೆಗೆ ಹೋದರು. ಅದು ಜಪಾನೀಯರ ಠಾಣೆಗಳ ನಡುನಡುವೆ ಚದರಿಹೋಗಿದ್ದ ಹಳ್ಳಿಗಳ ಪ್ರದೇಶ. ದವಾಖಾನೆಯೆಂಬುದು ಕಟ್ಟಡವಲ್ಲ, ಹೇಸರಗತ್ತೆಗಳ ಬೆನ್ನಿನ ಮೇಲೆ ಹಳ್ಳಿಯಿಂದ ಹಳ್ಳಿಗೆ ಸಾಗುವ ಸಾಮಾನು. ಆ ಸೀಮೆಯಲ್ಲಿ ಅವರಿಗಿಂತ ಮೊದಲು ಕನಡಾದ ನಾರ್ಮನ್ ಬೆಥ್ಯೂನರು ದುಡಿದಿದ್ದರು. ಶಸ್ತ್ರಕ್ರಿಯೆಯ ಕಾಲಕ್ಕೆ ಬೆರಳಿಗಾದ ಗಾಯವು ನಂಜಾಗಿ 1939ರ ನವ್ಹೆಂಬರ 12ಕ್ಕೆ ಅವರು ತೀರಿಕೊಂಡಿದ್ದರು. ಕೋಟಣೀಸರು ಅವರನ್ನು ಕಣ್ಣಾರೆ ಕಾಣಲಿಲ್ಲ, ಕಂಡದ್ದು ಸಮಾಧಿಯನ್ನು. ಬೆಥ್ಯೂನರ ಹೆಸರಿನ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಗೆ 1941ರ ಜಾನೆವಾರಿಯಲ್ಲಿ ಕೋಟಣೀಸರೇ ಮೊದಲ ನಿರ್ದೇಶಕರಾದರು. ಅಲ್ಲಿಯ ಶುಶ್ರೂಷಾಶಿಕ್ಷಕಿಯಾದ ಗುವೊ ಚಿಂಗ್‌ಲಾನ್ ಎಂಬ ಚೀನೀ ತರುಣಿಯೊಡನೆ ಅದೇ ವರ್ಷದ ನವ್ಹೆಂಬರ 25ಕ್ಕೆ ಅವರ ವಿವಾಹವಾಯಿತು. 1942ರ ಅಗಸ್ಟ 23ಕ್ಕೆ ಗಂಡುಮಗು ಹುಟ್ಟಿತು. ಸೇನಾಪತಿ ನಿಯೆ ರುಂಗ್‌ಚೆನ್ ಅವರ ಸೂಚನೆಯಂತೆ ಅದಕ್ಕೆ ‘ಇನ್-ಹುವಾ’ ಎಂದು ಹೆಸರಿಟ್ಟರು. ‘ಇನ್’ ಎಂದರೆ ಹಿಂದುಸ್ಥಾನ, ‘ಹುವಾ’ ಎಂದರೆ ಚೀನ. ಹಳ್ಳಿಗರು ವೈದ್ಯರನ್ನು ‘ಕರಿಯ ತಾಯಿ’ ಎಂದು ಕರೆಯುತ್ತಿದ್ದರೆಂದು ಹೇಳುವರು. ಗಂಡಸಿಗೆ ತಾಯಿಯೆಂದು ಕರೆಯುವದರ ಅರ್ಥವು ಕನ್ನಡಿಗರಿಗೆ ಭಾಷಾಂತರವಿಲ್ಲದೆ ತಿಳಿಯುವದು.

ಅದೇ 1942ರ ಜುಲೈ ತಿಂಗಳಲ್ಲಿ ಅವರು ಚೀನದ ಕಮ್ಯುನಿಸ್ಟ ಪಕ್ಷವನ್ನು ಸೇರಿದರು. ಕಾಂಗ್ರೆಸ್ಸು ಕಳುಹಿಸಿದ ವೈದ್ಯನು ಅನ್ಯದೇಶದ ಪಕ್ಷವೊಂದರ ಸದಸ್ಯನಾದದ್ದನ್ನು ಹೇಳಲು ಸಂಕೋಚಪಡುವ ಚರಿತ್ರಕಾರರುಂಟು. ಅದೊಂದನ್ನೇ ಹೇಳಿ ಉಳಿದುದನ್ನು ಮರೆಯುವವರೂ ಉಂಟು. ಆ ಪಕ್ಷದ ಗುಣದೋಷಗಳನ್ನು ತೂಗುವದು ಈ ಲೇಖನದ ವಿಷಯವಲ್ಲ. ಪ್ರಸ್ತುತ ವಿಚಾರಕ್ಕೆ ಬೇಕಾದದ್ದು ಇಷ್ಟು: ಪರಕೀಯರಿಗೆ ನೆರವಾಗಲು ಹೋದವನು ಅಲ್ಲಿಯ ಜನರ ನಿಲುವಿನಲ್ಲಿಯೂ ಪಾಲುಗೊಂಡನು, ದೂರ ನಿಂತು ಕೊಡುವ ದಾನಿಯಾಗಿ ಅವನು ಉಳಿಯಲಿಲ್ಲ. ಪರದೇಶಸೇವೆಯಲ್ಲಿ ಈ ಅಪಾಯವೋ ಈ ಭಾಗ್ಯವೋ ಯಾವಾಗಲೂ ಇರುವದು. ಕಳುಹಿಸಿದವರು ಎಣಿಸಿದಂತೆಯೇ ಸೇವಕನು ಮರಳಿ ಬರಬೇಕೆಂದರೆ ಅವನನ್ನು ಬೇಗ ಕರೆಯಿಸಿಕೊಳ್ಳಬೇಕು. ತಡವಾದರೆ ಅವನು ಕಳುಹಿಸಿದವರ ಮನುಷ್ಯನಾಗಿ ಉಳಿಯುವನೆಂಬ ಭರವಸೆಯಿಲ್ಲ.

ಶತ್ರುಗಳ ದಾಳಿಗಳಿಂದ ಸ್ಥಳವನ್ನು ಬದಲಿಸುತ್ತ, ಅನ್ನನಿದ್ರೆಗಳು ಕೆಟ್ಟು ಅವರ ಶರೀರವು ಕುಗ್ಗಿದ್ದಿತು. ಅಪಸ್ಮಾರದ ಸೆಳವುಗಳು ಬರತೊಡಗಿದ್ದವು. ಚಿಕಿತ್ಸೆಗಾಗಿ ಸ್ವದೇಶಕ್ಕೆ ಹೋಗಬೇಕೆಂಬ ಸೂಚನೆಯನ್ನು ಅವರು ಒಪ್ಪಲಿಲ್ಲ. ಎರಡನೆಯ ಗ್ರಂಥವು ಅರ್ಧಕ್ಕೆ ನಿಂತಿತು. 1942ರ ಡಿಸೆಂಬರ 9ಕ್ಕೆ ಹೋಪೆ ಪ್ರಾಂತದ ತಾಂಗ್ ತಾಲೂಕಿನ ಗೆಗುಂಗ್ ಎಂಬ ಹಳ್ಳಿಯಲ್ಲಿ, ಮೂವತ್ತೆರಡನೆಯ ವಯಸ್ಸಿನಲ್ಲಿ, ಮಗುವಿಗೆ ನಾಲ್ಕು ತಿಂಗಳೂ ತುಂಬುವ ಮೊದಲೇ ಅವರು ತೀರಿಕೊಂಡರು. ಮಾವೊ ತ್ಸೆ ತುಂಗರು ಶೋಕಸಂದೇಶವನ್ನು ಬರೆದರು. ಸುಭಾಷರು ಆಗ ಬರ್ಲಿನ್ನಿನಲ್ಲಿದ್ದರು, ನೆಹರೂ ಅಹಮದನಗರದ ಕೋಟೆಯಲ್ಲಿ ಸೆರೆಯಲ್ಲಿದ್ದರು. ದಳವನ್ನು ಕಳುಹಿಸಿದ ಕಾಂಗ್ರೆಸ್ಸು ಕಾಯಿದೆಬಾಹಿರವಾಗಿದ್ದಿತು. ಅವರನ್ನು ಮರಳಿ ಕರೆಯಿಸಬೇಕಾಗಿದ್ದರೂ ಆಗ ಕರೆಯತಕ್ಕವರು ಯಾರು ಉಳಿದಿದ್ದರು? 1946ರಲ್ಲಿ ವ್ಹಿ. ಶಾಂತಾರಾಮರ ಚಲಚ್ಚಿತ್ರವು ಬಂದ ಮೇಲೆ ಅವರ ಕಥೆಯು ಮನೆಮಾತಾಯಿತು. ಚಿತ್ರದಲ್ಲಿ ಹಾಡುಗಳುಂಟು, ಲಿಪಿಯನ್ನು ಕಲಿಯುವ ರಾತ್ರಿಗಳನ್ನು ಚಿತ್ರದಲ್ಲಿ ತೋರಿಸುವದು ಕಷ್ಟ.

1962ರಲ್ಲಿ ಎರಡು ದೇಶಗಳು ಪರಸ್ಪರ ಯುದ್ಧಕ್ಕೆ ನಿಂತವು. ಆಗ ಈ ನೆರವಿನ ಫಲವೇನಾಯಿತೆಂದು ಕೇಳುವದು ಅನ್ಯಾಯವಲ್ಲ. ದೇಶಕ್ಕೆ ಕೊಟ್ಟ ದಾನವೆಂದು ತಿಳಿದರೆ ಅದು ವ್ಯರ್ಥವಾಯಿತೆಂದೇ ಹೇಳಬೇಕಾದೀತು. ಆದರೆ ಶಸ್ತ್ರಚಿಕಿತ್ಸೆ ನಡೆದದ್ದು ಗಾಯಾಳುವಿನ ತೊಡೆಗೆ, ದೇಶಕ್ಕಲ್ಲ. ಆ ತೊಡೆಯು ವಾಸಿಯಾದದ್ದನ್ನು ಯಾವ ಯುದ್ಧವೂ ಅಳಿಸಲಾರದು. ಶಿಚಿಯಾಚ್ವಾಂಗ್ ನಗರದ ಹುತಾತ್ಮರ ಸ್ಮಶಾನದಲ್ಲಿ ಬೆಥ್ಯೂನರ ಸಮಾಧಿಯಿರುವಲ್ಲಿಯೇ ಕೋಟಣೀಸರ ಸಮಾಧಿಯೂ ಇರುವದು. ಮಗ ಇನ್-ಹುವಾ ವೈದ್ಯವನ್ನು ಓದುತ್ತಿರುವಾಗಲೇ 1967ರಲ್ಲಿ ಅಕಾಲದಲ್ಲಿ ತೀರಿಕೊಂಡನು. ಪತ್ನಿಯು ದೀರ್ಘಾಯುಷಿಯಾಗಿದ್ದು, ಕೆಲವು ಸಲ ಭಾರತಕ್ಕೂ ಬಂದು ಗಂಡನ ಮನೆಯವರನ್ನು ಕಂಡು, 2012ರಲ್ಲಿ ಮರಣಹೊಂದಿದರು. ಚೀನವು 1982ರಲ್ಲಿಯೂ ಭಾರತವು 1993ರಲ್ಲಿಯೂ ಕೋಟಣೀಸರ ಅಂಚೆಚೀಟಿಗಳನ್ನು ಹೊರಡಿಸಿದವು. ಸೊಲ್ಲಾಪುರದ ಅವರ ಮನೆಯನ್ನು ಸ್ಮಾರಕವಾಗಿ ಕಾಪಾಡಿದ್ದಾರೆ.

ಸತ್ತವನ ಚರಿತ್ರೆಯು ಸುಂದರವಾಗುವದು ಸುಲಭ. ಆದುದರಿಂದ ಮರಳಿ ಬಂದವರಲ್ಲಿ ಒಬ್ಬರ ಮಾತನ್ನೂ ಹೇಳಲೇಬೇಕು. ಐವರಲ್ಲಿ ಎಲ್ಲರಿಗಿಂತ ಕಡೆಗೆ, 1943ರಲ್ಲಿ, ಕಲಕತ್ತೆಗೆ ಮರಳಿದವರು ಬಸು ಅವರು. ಅವರಿಗೂ ಚೀನದಲ್ಲಿ ನಾಲ್ಕು ವರ್ಷಗಳಿಗೆ ಮೀರಿ ಕಳೆದಿದ್ದವು. ಅವರೂ ಆ ಭಾಷೆಯನ್ನು ಕಲಿತಿದ್ದರು. ಹಲವು ವರ್ಷಗಳ ಮೇಲೆ ಅವರು ಮತ್ತೆ ಚೀನಕ್ಕೆ ಹೋದರು. ಈ ಸಲ ಔಷಧದ ಪೆಟ್ಟಿಗೆಯನ್ನು ಒಯ್ಯಲಿಲ್ಲ. ಪಾಶ್ಚಾತ್ಯ ವೈದ್ಯದಲ್ಲಿ ಪದವೀಧರರಾದ ಅವರು ಅಲ್ಲಿಯ ಪರಂಪರೆಯ ವೈದ್ಯರ ಮುಂದೆ ಶಿಷ್ಯರಾಗಿ ಕುಳಿತು, ಮೈಯ ಗೊತ್ತಾದ ಸ್ಥಾನಗಳಲ್ಲಿ ಸೂಜಿಯನ್ನು ಚುಚ್ಚಿ ನೋವನ್ನು ಶಮನಗೊಳಿಸುವ ವಿದ್ಯೆಯನ್ನು ಕಲಿತರು. ಆ ಚಿಕಿತ್ಸೆಯನ್ನು 1959ರಲ್ಲಿ ಕಲಕತ್ತೆಯಲ್ಲಿ ಆರಂಭಿಸಿದರು. ಭಾರತದಲ್ಲಿ ಅದಕ್ಕೆ ಬುಡ ಹಾಕಿದವರು ಅವರೇ. ಗೆಳೆಯನ ಹೆಸರಿನಲ್ಲಿ ಸ್ಮಾರಕ ಸಮಿತಿಯನ್ನು ನಡೆಯಿಸಿ, ತಮ್ಮ ಕೈಕೆಳಗೆ ಬೇರೆ ವೈದ್ಯರನ್ನೂ ಆ ಚಿಕಿತ್ಸೆಯಲ್ಲಿ ತಯಾರುಮಾಡಿ, 1986ರಲ್ಲಿ ತೀರಿಕೊಂಡರು.